ಕೆಟ್ಟುಹೋದ ಅಕ್ಷರಗಳು ಮತ್ತು ಸಹಾಯ ಕೇಳುವ ಕ್ರಮ: ನನ್ನ ಅನುಭವ

ಉಡುಪಿಯಲ್ಲಿ ಕುಳಿತು ಸಂಘಗಳಿಗೆ, ಅಂಗಡಿಗಳಿಗೆ, ಹೋಂಸ್ಟೇಗಳಿಗೆ ವರ್ಡ್‌ಪ್ರೆಸ್ ಎಂಬ ತಾಣ ಕಟ್ಟುವ ತಂತ್ರಾಂಶದಲ್ಲಿ ಜಾಲತಾಣ ಮಾಡಿಕೊಡುವುದು ನನ್ನ ಕಸುಬು. ಮೇ ಕೊನೆಯ ಹೊತ್ತಿನ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಮಳೆ ಹಿಡಿಯುವ ಮೊದಲಿನ ಬಿಡುವಿನಲ್ಲಿ, ಒಂದು ಹವ್ಯಾಸಿ ಯಕ್ಷಗಾನ ಸಂಘದ ತಾಣವನ್ನು ಹಳೆಯ ಸರ್ವರ್‌ನಿಂದ ಹೊಸದಕ್ಕೆ ಸಾಗಿಸುವ ಕೆಲಸ ನನಗೆ ಬಂತು. 2006ರಲ್ಲಿ ಸಂಘದ ಸದಸ್ಯರೊಬ್ಬರು ಆಸಕ್ತಿಯಿಂದ ಆರಂಭಿಸಿದ ತಾಣ ಅದು. ಅಲ್ಲಿಂದೀಚೆಗೆ ಸಂಘ ಆಡಿದ ಪ್ರಸಂಗಗಳು, ಸ್ಥಳ, ದಿನಾಂಕ, ಭಾಗವತರು, ಚೆಂಡೆ ಮದ್ದಳೆಯವರು, ವೇಷಧಾರಿಗಳ ಹೆಸರುಗಳೆಲ್ಲ ಅದರಲ್ಲಿ ಕನ್ನಡದಲ್ಲೇ ದಾಖಲಾಗಿವೆ. ಬೇರೆಲ್ಲೂ ಇಲ್ಲದ ದಾಖಲೆ ಅದಾದ್ದರಿಂದ ನನಗೆ ಅದರ ಮೇಲೆ ಗೌರವವಿತ್ತು, ಭಯವೂ ಇತ್ತು.

ಸಾಗಣೆ ಮುಗಿಸಿ ಹೊಸ ತಾಣವನ್ನು ತೆರೆದಾಗ ಚಿತ್ರಗಳೆಲ್ಲ ಸರಿಯಾಗಿದ್ದವು, ಆದರೆ ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ. ಅಕ್ಷರಗಳ ಜಾಗದಲ್ಲಿ, ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷಿನ ಸಣ್ಣ ‘ಎ’, ಅದರ ಬೆನ್ನಿಗೆ ಮೇಲೆತ್ತಿ ಬರೆದ ಪುಟ್ಟ 2 ಅಥವಾ 3, ನಂತರ ಏನೋ ಒಂದು ಚಿಹ್ನೆ, ಹೀಗೆ ಪುಟದ ಉದ್ದಕ್ಕೂ ಸಾಲುಗಟ್ಟಿತ್ತು. ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿ, “ಎಂತ ಮಾರಾಯ್ರೆ, ನಮ್ಮ ಕನ್ನಡ ಎಲ್ಲ ಎಲ್ಲಿಗೆ ಹೋಯ್ತು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಅದೇ ರಾತ್ರಿ ವರ್ಡ್‌ಪ್ರೆಸ್‌ನ ಸಹಾಯ ವೇದಿಕೆಯಲ್ಲಿ, ತಾಣ ಕೆಟ್ಟಿದೆ, ಅಕ್ಷರಗಳು ಕಾಣುತ್ತಿಲ್ಲ, ತುರ್ತು ಎಂದು ಎರಡು ಸಾಲಿನ ಪ್ರಶ್ನೆ ಹಾಕಿದೆ. ಎರಡು ದಿನ ಯಾರೂ ಉತ್ತರಿಸದಿದ್ದಾಗ, ಯಾರಾದರೂ ನೋಡುತ್ತೀರಾ ಎಂದು ನನ್ನ ಪ್ರಶ್ನೆಯ ಕೆಳಗೆ ನಾನೇ ಬರೆದೆ. ಅದು ತಪ್ಪು ಹೆಜ್ಜೆ ಎಂಬುದು ನಂತರ ತಿಳಿಯಿತು. ಅಲ್ಲಿ ಉತ್ತರಿಸುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ತಮ್ಮ ಬಿಡುವಿನಲ್ಲಿ ಬಂದು, ಒಂದೂ ಉತ್ತರ ಬಾರದ ಪ್ರಶ್ನೆಗಳ ಪಟ್ಟಿಯನ್ನು ಅವರು ಮೊದಲು ನೋಡುತ್ತಾರೆ. ನಾನೇ ಒಂದು ಸಾಲು ಸೇರಿಸಿದ್ದರಿಂದ ನನ್ನ ಪ್ರಶ್ನೆಗೆ ಉತ್ತರ ಬಂದಿದೆ ಎಂಬ ಲೆಕ್ಕವಾಗಿ, ಅದು ಆ ಪಟ್ಟಿಯಿಂದಲೇ ಹೊರಗೆ ಬಿದ್ದಿತ್ತು. ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಹೊಸದಾಗಿ ಹಾಕುವುದು ಅಲ್ಲಿನ ಕ್ರಮವಲ್ಲ. ಆದ್ದರಿಂದ ಅದರ ಕೆಳಗೇ, ಈ ಬಾರಿ ಒಂದು ಇಡೀ ದಿನ ಕುಳಿತು, ವಿವರವಾಗಿ ಬರೆದೆ.

ಬರೆಯಲು ತೊಡಗಿದಾಗಲೇ ಎಷ್ಟೋ ಸಂಗತಿಗಳನ್ನು ನಾನು ನೋಡಿಯೇ ಇರಲಿಲ್ಲ ಎಂಬುದು ಅರಿವಾಯಿತು. ಆವೃತ್ತಿಗಳ ವಿವರ ಕೊಡುವುದು ಸುಲಭ. 2019ರಲ್ಲಿ ಬಂದ 5.2ನೇ ಆವೃತ್ತಿಯಿಂದ ವರ್ಡ್‌ಪ್ರೆಸ್‌ನಲ್ಲಿ ‘ಸೈಟ್ ಹೆಲ್ತ್’ ಎಂಬ ಪುಟವಿದೆ, ಅದರ ಮಾಹಿತಿ ವಿಭಾಗದಲ್ಲಿ ಒಂದು ಗುಂಡಿ ಒತ್ತಿದರೆ ವರ್ಡ್‌ಪ್ರೆಸ್ ನಡೆಯುವ ಪಿಎಚ್‌ಪಿ ಭಾಷೆ, ಬರಹವನ್ನೆಲ್ಲ ಕೂಡಿಡುವ ಡೇಟಾಬೇಸ್, ತಾಣದ ರೂಪ ಕೊಡುವ ಥೀಮ್, ಹೆಚ್ಚುವರಿ ಸೌಲಭ್ಯ ಸೇರಿಸುವ ಪ್ಲಗಿನ್‌ಗಳ ವಿವರವೆಲ್ಲ ಒಟ್ಟಿಗೆ ನಕಲಾಗುತ್ತದೆ. ಪ್ಲಗಿನ್‌ಗಳನ್ನೆಲ್ಲ ನಿಲ್ಲಿಸಿ, ವರ್ಡ್‌ಪ್ರೆಸ್ ಜೊತೆಗೇ ಬರುವ ಥೀಮ್ ಹಾಕಿ ನೋಡಿದರೂ ತೊಂದರೆ ಹಾಗೆಯೇ ಉಳಿದದ್ದರಿಂದ, ದೋಷ ಅವುಗಳಲ್ಲಿಲ್ಲ ಎಂಬುದನ್ನೂ ಬರೆಯಲು ಸಾಧ್ಯವಾಯಿತು. ಕಷ್ಟವಾದದ್ದು, ಕನ್ನಡ ಓದಲು ಬಾರದವರಿಗೆ ಕನ್ನಡ ಹೇಗೆ ಕೆಟ್ಟಿದೆ ಎಂದು ತಿಳಿಸುವುದು. ಅವರ ಕಣ್ಣಿಗೆ ಸರಿಯಾದ ಕನ್ನಡವೂ ಅಪರಿಚಿತ ಲಿಪಿಯೇ.

ಹಾಗಾಗಿ ಲಿಪಿಯನ್ನು ಬಿಟ್ಟು ಸಂಖ್ಯೆಗಳಲ್ಲಿ ವಿವರಿಸಿದೆ. ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಜಾಗ, ಹದಿನಾರರ ಎಣಿಕೆಯಲ್ಲಿ (0ರಿಂದ 9, ನಂತರ ಎಯಿಂದ ಎಫ್), 0ಸಿ80ರಿಂದ 0ಸಿಎಫ್ಎಫ್‌ವರೆಗೆ. ಆ ಸಂಖ್ಯೆಗಳನ್ನು ಬೈಟ್‌ಗಳಾಗಿ, ಅಂದರೆ ಗಣಕ ಮಾಹಿತಿ ಕೂಡಿಡುವ ಸಣ್ಣ ತುಣುಕುಗಳಾಗಿ, ಬರೆಯುವ ಯುಟಿಎಫ್-8 ವಿಧಾನದಲ್ಲಿ ಇಲ್ಲಿನ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್‌ಗಳು ಬೇಕು, ಮೊದಲನೆಯದು ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3. ಈ ಬೈಟ್‌ಗಳನ್ನು ಲ್ಯಾಟಿನ್-1 ಎಂಬ ಹಳೆಯ ಪಶ್ಚಿಮ ಯುರೋಪಿನ ಕ್ರಮದಲ್ಲಿ ಒಂದೊಂದಾಗಿ ಓದಿದರೆ ಇ0 ಎಂಬುದು ಓರೆಗೆರೆಯ ‘ಎ’ ಆಗುತ್ತದೆ, ಬಿ2 ಪುಟ್ಟ 2 ಆಗುತ್ತದೆ, ಬಿ3 ಪುಟ್ಟ 3 ಆಗುತ್ತದೆ. ಪುಟದ ತುಂಬ ಕಂಡದ್ದು ಇದೇ. ಇನ್ನೊಂದನ್ನೂ ಗಮನಿಸಿ ಬರೆದೆ. ತಿಂಗಳ ಕೊನೆಯವರೆಗೆ ಹಳೆಯ ಸರ್ವರ್ ನಮ್ಮ ಕೈಯಲ್ಲೇ ಇತ್ತು. ಅಲ್ಲಿ ತಾಣ ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಅದೇ ಸರ್ವರ್‌ನ ಡೇಟಾಬೇಸನ್ನು ಒಳಗಿನ ಮಾಹಿತಿಯನ್ನು ನೇರವಾಗಿ ತೋರಿಸುವ ಪಿಎಚ್‌ಪಿಮೈಅಡ್ಮಿನ್ ಎಂಬ ಉಪಕರಣದ ಮೂಲಕ ತೆರೆದರೆ ಅಲ್ಲಿಯೂ ಓರೆಗೆರೆಯ ‘ಎ’ಗಳೇ ಇದ್ದವು.

ಮರುದಿನ ಬೆಳಿಗ್ಗೆ ಉತ್ತರ ಬಂದಿತ್ತು. ಬರೆದವರು ಯಾರೆಂದಾಗಲಿ ಯಾವ ದೇಶದವರೆಂದಾಗಲಿ ನನಗೆ ಇಂದಿಗೂ ತಿಳಿಯದು. ಒಂದು ಶೀರ್ಷಿಕೆಯನ್ನು ಆರಿಸಿಕೊಂಡು ಅದರ ಬೈಟ್‌ಗಳನ್ನು ಡೇಟಾಬೇಸಿನಲ್ಲಿ ಬೈಟ್‌ಗಳನ್ನು ಸಂಖ್ಯೆಗಳಾಗಿ ತೋರಿಸುವ ‘ಹೆಕ್ಸ್’ ಆದೇಶದ ಮೂಲಕ ನೋಡಿ ತಿಳಿಸಿ ಎಂದು ಅವರು ಕೇಳಿದ್ದರು. ಅಲ್ಲಿ ಬರೀ 3ಎಫ್ ಎಂದು ಬಂದರೆ ಅಕ್ಷರಗಳು ನಿಜವಾಗಿಯೇ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬದಲಾಗಿವೆ, ಬ್ಯಾಕಪ್ ಬಿಟ್ಟರೆ ಗತಿಯಿಲ್ಲ. ಸಿ3ಎ0 ಎಂದು ಆರಂಭವಾದರೆ ಎರಡು ಬಾರಿ ಪರಿವರ್ತನೆಯಾಗಿದೆ. ಇ0ಬಿ2 ಎಂದು ಬಂದರೆ ಮೂಲ ಬೈಟ್‌ಗಳು ಕೆಡದೆ ಉಳಿದಿವೆ. ‘ಯಕ್ಷಗಾನ’ ಎಂದು ಆರಂಭವಾಗುವ ಒಂದು ಶೀರ್ಷಿಕೆಯ ಮೇಲೆ ಆ ಆದೇಶ ನಡೆಸಿದೆ. ಪರದೆಯ ಮೇಲೆ ಇ0ಬಿ2ಎಎಫ್ ಎಂದು ಮೂಡಿತು. ಅದು ‘ಯ’. ಕಾರ್ಯದರ್ಶಿಗಳಿಗೆ ಆ ಕ್ಷಣವೇ ಫೋನ್ ಮಾಡಿ, ಹೆಸರುಗಳೆಲ್ಲ ಇವೆ ರಾಯರೆ, ಕಾಣುತ್ತಿಲ್ಲ ಅಷ್ಟೆ, ಎಂದೆ.

ಕಾರಣ ಹೀಗಿತ್ತು. ಡೇಟಾಬೇಸಿನೊಡನೆ ಯಾವ ಅಕ್ಷರಕ್ರಮದಲ್ಲಿ ಮಾತಾಡಬೇಕೆಂದು ಹೇಳುವ ‘ಡಿಬಿ ಚಾರ್‌ಸೆಟ್’ ಎಂಬ ಸಾಲು ವರ್ಡ್‌ಪ್ರೆಸ್‌ಗೆ ಬಂದದ್ದು 2007ರಲ್ಲಿ, 2.2ನೇ ಆವೃತ್ತಿಯೊಂದಿಗೆ. ಅದಕ್ಕೂ ಮೊದಲಿನ ನಮ್ಮ ತಾಣದ ಕೋಷ್ಟಕಗಳು ಲ್ಯಾಟಿನ್-1 ಎಂಬ ಹಣೆಪಟ್ಟಿ ಹೊತ್ತಿದ್ದವು. ಹಳೆಯ ಸಂಪರ್ಕವೂ ಅದೇ ಕ್ರಮದಲ್ಲಿದ್ದುದರಿಂದ ಬೈಟ್‌ಗಳು ಹೋದ ಹಾಗೆಯೇ ಹಿಂತಿರುಗಿ, ಬ್ರೌಸರಿನಲ್ಲಿ ಕನ್ನಡವಾಗಿ ಕಾಣುತ್ತಿದ್ದವು. ಹೊಸ ಸರ್ವರ್‌ನಲ್ಲಿ ನಾನು ಈಗಿನ ರೂಢಿಯಂತೆ ಆ ಸಾಲಿನಲ್ಲಿ ಯುಟಿಎಫ್8ಎಂಬಿ4 (ಡೇಟಾಬೇಸಿನಲ್ಲಿ ಪೂರ್ಣ ಯುಟಿಎಫ್-8ಕ್ಕೆ ಇರುವ ಹೆಸರು) ಎಂದು ಬರೆದಿದ್ದೆ, ಡೇಟಾಬೇಸ್ ಹಣೆಪಟ್ಟಿಯನ್ನು ನಂಬಿ ಪ್ರತಿ ಬೈಟನ್ನೂ ಬೇರೆಯೇ ಅಕ್ಷರವೆಂದು ಪರಿವರ್ತಿಸಿ ಕೊಡುತ್ತಿತ್ತು.

ಆ ಸಾಲಿನಲ್ಲಿ ಲ್ಯಾಟಿನ್-1 ಎಂದು ಬದಲಿಸಿದ ಕೂಡಲೇ ಕನ್ನಡ ಮರಳಿತು, ತಾಣ ಸಂಜೆಯೊಳಗೆ ಓದುವಂತಾಯಿತು. ಆದರೆ ಹಾಗೆಯೇ ಬಿಟ್ಟರೆ ಮುಂದೆ ಸೇರಿಸುವ ಪ್ರತಿಯೊಂದು ಹೆಸರೂ ಅದೇ ತಪ್ಪು ಹಣೆಪಟ್ಟಿಯಡಿ ಸೇರುತ್ತದೆ. ಶಾಶ್ವತ ಪರಿಹಾರಕ್ಕಾಗಿ, ನನ್ನ ಗಣಕದಲ್ಲಿ ತಾಣದ ಒಂದು ಪ್ರತಿ ಇಟ್ಟುಕೊಂಡು, ಪಠ್ಯವಿರುವ ಪ್ರತಿ ಅಂಕಣವನ್ನು ಮೊದಲು ಬೈನರಿ ವಿಧಕ್ಕೆ, ಅಲ್ಲಿಂದ ಯುಟಿಎಫ್8ಎಂಬಿ4 ಪಠ್ಯಕ್ಕೆ ಬದಲಿಸಬೇಕೆಂದು ವೇದಿಕೆಯಲ್ಲಿ ಉತ್ತರಿಸಿದವರು ತಿಳಿಸಿದರು. ಬೈನರಿಗೆ ಹಣೆಪಟ್ಟಿ ಇರುವುದಿಲ್ಲ, ಆದ್ದರಿಂದ ಬೈಟ್‌ಗಳು ಅಲುಗುವುದಿಲ್ಲ. ನೇರವಾಗಿ ಬದಲಿಸಿದರೆ ಕೆಟ್ಟ ರೂಪವೇ ಡೇಟಾಬೇಸಿನಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಕೆಟ್ಟ ಚಿಹ್ನೆಗಳನ್ನು ಹುಡುಕಿ ಬದಲಿಸಿ ಎಂಬ ಸಲಹೆಯನ್ನು ಬೇರೆ ಕಡೆ ಓದಿದ್ದೆ. ಅದನ್ನು ಪಾಲಿಸದಿದ್ದುದು ಒಳ್ಳೆಯದಾಯಿತು, ಏಕೆಂದರೆ ವರ್ಡ್‌ಪ್ರೆಸ್ ತನ್ನ ಹಲವು ಸೆಟ್ಟಿಂಗ್‌ಗಳನ್ನು ಬೈಟ್‌ಗಳ ಉದ್ದದ ಲೆಕ್ಕದೊಂದಿಗೆ ಕಟ್ಟಿಡುತ್ತದೆ, ಉದ್ದ ತಪ್ಪಿದರೆ ಅವನ್ನು ಓದಲಾಗುವುದಿಲ್ಲ.

ಈ ನಡುವೆ ಅಪರಿಚಿತರೊಬ್ಬರು ನನಗೆ ಪ್ರತ್ಯೇಕವಾಗಿ ಮೇಲ್ ಬರೆದು, ಅಡ್ಮಿನ್ ಪಾಸ್‌ವರ್ಡ್ ಕೊಟ್ಟರೆ ತಾವೇ ಸರಿಮಾಡುವುದಾಗಿ ಹೇಳಿದ್ದರು. ನಾನು ಕೊಡಲಿಲ್ಲ, ಯಾರೂ ಕೊಡಬಾರದು. ಸಹಾಯ ವೇದಿಕೆಯ ನಿಯಮವೂ ಅದನ್ನು ಒಪ್ಪುವುದಿಲ್ಲ. ಸಂರಚನೆಯ ಕಡತದ ಸಾಲುಗಳನ್ನು ಸಾರ್ವಜನಿಕವಾಗಿ ಹಾಕುವಾಗಲೂ ಡೇಟಾಬೇಸಿನ ಪಾಸ್‌ವರ್ಡ್ ಅಳಿಸಿದ್ದೇನೆಯೇ ಎಂದು ಎರಡೆರಡು ಸಲ ನೋಡಿಕೊಂಡೆ.

ಪರಿವರ್ತನೆ ಬಹುತೇಕ ಸುಗಮವಾಗಿ ಸಾಗಿ, ಒಂದು ಅಂಕಣದಲ್ಲಿ ದೋಷ ಸೂಚಿಸಿ ನಿಂತಿತು. ಹಳೆಯ ಪ್ಲಗಿನ್ ಒಂದು ಸಾರಾಂಶಗಳನ್ನು ಅಕ್ಷರ ಎಣಿಸದೆ ಬೈಟ್ ಎಣಿಸಿ ಕತ್ತರಿಸಿದ್ದರಿಂದ, ಏಳು ದಾಖಲೆಗಳ ಕೊನೆಯ ಅಕ್ಷರದ ಮೂರು ಬೈಟ್‌ಗಳಲ್ಲಿ ಒಂದೋ ಎರಡೋ ಮಾತ್ರ ಉಳಿದಿದ್ದವು. ಆ ಸಾಲುಗಳನ್ನು ಒಂದೊಂದಾಗಿ ಹುಡುಕಿ ತುಂಡು ಬೈಟ್‌ಗಳನ್ನು ತೆಗೆದೆ. ಕಾರ್ಯದರ್ಶಿಗಳು ಕಪಾಟಿನಲ್ಲಿ ಜೋಪಾನವಾಗಿಟ್ಟಿದ್ದ ಹಳೆಯ ಕರಪತ್ರಗಳನ್ನು ತಂದು ಓದಿ ಹೇಳುತ್ತ ಹೋದರು, ನಾನು ಆ ಏಳು ಸಾರಾಂಶಗಳನ್ನು ಪೂರ್ತಿಯಾಗಿ ಟೈಪ್ ಮಾಡಿದೆ. ಆ ರಾತ್ರಿ ನನ್ನ ಪ್ರಶ್ನೆಯ ಕೆಳಗೆ, ತುಂಡಾದ ಬೈಟ್‌ಗಳ ವಿಷಯವನ್ನೂ ಸೇರಿಸಿ, ಮಾಡಿದ್ದನ್ನೆಲ್ಲ ಕ್ರಮವಾಗಿ ಬರೆದು, ಬಗೆಹರಿದಿದೆ ಎಂದು ಗುರುತು ಹಾಕಿದೆ.