ಕೋಇಂಟಿಗ್ರೇಶನ್ ಮಾಡಲು ಹೋಗಿ ತಪ್ಪು ಟೇಬಲ್ ನೋಡಿದ್ದು

ಮನೆಗಳ ಆದಾಯಕ್ಕೂ ಖರ್ಚಿಗೂ ದೀರ್ಘಕಾಲದ ನಂಟು ಇದೆಯಾ ಅಂತ ನೋಡಬೇಕಿತ್ತು. ಎರಡು ಸರಣಿಗಳು ಬೇರೆಬೇರೆಯಾಗಿ ಅಲೆದಾಡಿದರೂ ಅವುಗಳ ನಡುವಿನ ಅಂತರ ಮಿತಿಯಲ್ಲೇ ಉಳಿದರೆ ಅದಕ್ಕೆ ಕೋಇಂಟಿಗ್ರೇಶನ್ ಅಂತಾರೆ. ಕೈಯಲ್ಲಿದ್ದದ್ದು ಮೂರು ತಿಂಗಳಿಗೊಂದರಂತೆ ಬರುವ ಅಂಕಿಗಳು. ಲಾಗರಿದಮ್ ತೆಗೆದು ಸುಮ್ನೆ ಒಂದು ರಿಗ್ರೆಶನ್ (ಆದಾಯದಿಂದ ಖರ್ಚನ್ನು ಅಂದಾಜಿಸುವ ಗೆರೆ) ಹಾಕಿದೆ. ಗೆರೆ ಅಂಕಿಗಳಿಗೆ ಎಷ್ಟು ಹೊಂದುತ್ತದೆ ಅಂತ ಹೇಳುವ ಆರ್-ಸ್ಕ್ವೇರ್ 0.99 ಬಂತು (1 ಅಂದರೆ ಪೂರ್ತಿ ಹೊಂದಿಕೆ)! ಖುಷಿಪಟ್ಟೆ, ಆಮೇಲೆ ಕೆಳಗಿನ ಸಾಲು ನೋಡಿದೆ: ಡರ್ಬಿನ್-ವಾಟ್ಸನ್ (ಅಂದಾಜಿನ ತಪ್ಪುಗಳು ಸಾಲಾಗಿ ಒಂದೇ ಕಡೆ ವಾಲುತ್ತವೆಯಾ ಅಂತ ನೋಡುವ ಅಂಕಿ, 2ರ ಹತ್ತಿರ ಇದ್ದರೆ ಒಳ್ಳೆಯದು) ಬರೀ 0.3. ಆರ್-ಸ್ಕ್ವೇರ್‌ಗಿಂತ ಇದು ಕಡಿಮೆ ಇದ್ದರೆ ಆ ನಂಟನ್ನು ನಂಬಬೇಡಿ ಅಂತ ಅರ್ಥಶಾಸ್ತ್ರಜ್ಞರಾದ ಗ್ರೇಂಜರ್ ಮತ್ತು ನ್ಯೂಬೋಲ್ಡ್ 1974ರಲ್ಲೇ ಎಚ್ಚರಿಸಿದ್ದರು. ಎರಡೂ ಮೇಲೇರುತ್ತಲೇ ಇರುವ ಸರಣಿಗಳಾದರೆ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೂ ರಿಗ್ರೆಶನ್ ಚೆನ್ನಾಗಿಯೇ ಕಾಣುತ್ತದೆ.

ಸರಿ, ನಂಟು ನಿಜವೇ ಅಂತ ಪರೀಕ್ಷಿಸುವ ಎಂಗಲ್-ಗ್ರೇಂಜರ್ ದಾರಿ ಹಿಡಿದೆ. ಮೊದಲು ಎರಡೂ ಸರಣಿಗಳಿಗೆ ಯೂನಿಟ್ ರೂಟ್ ಪರೀಕ್ಷೆ, ಅಂದರೆ ಸರಣಿ ಒಂದು ಮಟ್ಟಕ್ಕೆ ಮರಳದೆ ಅಲೆಯುತ್ತಲೇ ಇರುತ್ತದೆಯಾ ಅಂತ ನೋಡೋದು. ಎರಡರಲ್ಲೂ ಯೂನಿಟ್ ರೂಟ್ ಇತ್ತು, ಒಂದು ಸಲ ವ್ಯತ್ಯಾಸ ತೆಗೆದರೆ (ಪ್ರತಿ ಅಂಕಿಯಿಂದ ಹಿಂದಿನ ಅಂಕಿ ಕಳೆದರೆ) ಹೋಗುತ್ತಿತ್ತು. ಆಮೇಲೆ ರಿಗ್ರೆಶನ್‌ನಲ್ಲಿ ಉಳಿದ ರೆಸಿಡ್ಯುವಲ್ (ನಿಜವಾದ ಅಂಕಿಗೂ ಅಂದಾಜಿಗೂ ಇರುವ ವ್ಯತ್ಯಾಸ) ಮೇಲೆ ಡಿಕಿ-ಫುಲ್ಲರ್ ಅನ್ನುವ ಯೂನಿಟ್ ರೂಟ್ ಪರೀಕ್ಷೆ ಓಡಿಸಿದೆ, −3.05 ಬಂತು. ಶೇ 5ರ ಗಡಿ −2.86 ತಾನೆ, ಅದಕ್ಕಿಂತ ಕೆಳಗಿದೆ, ಪಾಸ್ ಅಂದುಕೊಂಡು ವರದಿಯಲ್ಲಿ ಬರೆದೂಬಿಟ್ಟೆ.

ತಪ್ಪಾಗಿದ್ದು ಅಲ್ಲೇ. ಆ ಟೇಬಲ್ ಮಾಮೂಲಿ ಸರಣಿಗೆ. ರೆಸಿಡ್ಯುವಲ್ ಅನ್ನೋದು ನಾವೇ ರಿಗ್ರೆಶನ್ ಮಾಡಿ ಆದಷ್ಟು ಚಿಕ್ಕದಾಗಿ ಬರುವ ಹಾಗೆ ಆರಿಸಿಕೊಂಡದ್ದು, ಅದು ಹೇಗೂ ಸ್ವಲ್ಪ ಸ್ಥಿರವಾಗಿಯೇ ಕಾಣುತ್ತದೆ, ಹಾಗಾಗಿ ಗಡಿಯೂ ಬಿಗಿಯಾಗಿರಬೇಕು. ಎರಡು ಸರಣಿಗಳಿದ್ದಾಗ ಅದು ಸುಮಾರು −3.34. ಅಂದರೆ ನನ್ನದು ಫೇಲ್.

ಲ್ಯಾಗ್, ಅಂದರೆ ಲೆಕ್ಕಕ್ಕೆ ಸೇರಿಸುವ ಹಿಂದಿನ ಅವಧಿಗಳ ಸಂಖ್ಯೆ, ಬದಲಿಸಿ ಬದಲಿಸಿ ನೋಡಿದೆ (ಪಾಸಾಗುವ ತನಕ ಬದಲಿಸೋದು ಮೋಸವೇ, ಅಲ್ವಾ). ಕೊನೆಗೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ: ರೆಸಿಡ್ಯುವಲ್‌ನ ಗ್ರಾಫ್ ಬಿಡಿಸಿದೆ. ನಡುವೆ ಒಂದು ಕಡೆ ಮೆಟ್ಟಿಲು ಹತ್ತಿದ ಹಾಗೆ ಗೆರೆ ದಿಢೀರನೆ ಮೇಲಕ್ಕೆ ಎದ್ದಿತ್ತು. ಹಳೆಯ ಮೂಲವರ್ಷದ (ಯಾವ ವರ್ಷದ ಬೆಲೆಯಲ್ಲಿ ಲೆಕ್ಕ ಹಾಕುತ್ತಾರೋ ಆ ವರ್ಷ) ಅಂಕಿಗಳನ್ನೂ ಹೊಸ ಮೂಲವರ್ಷದ ಅಂಕಿಗಳನ್ನೂ ನಾನು ಹಾಗೇ ಅಂಟಿಸಿಬಿಟ್ಟಿದ್ದೆ! ಬದಲಾವಣೆ ಖರ್ಚಿನಲ್ಲಿ ಜಾಸ್ತಿ, ಆದಾಯದಲ್ಲಿ ಕಡಿಮೆ, ಅದಕ್ಕೇ ಆ ಮೆಟ್ಟಿಲು. ಎರಡೂ ಲೆಕ್ಕ ಸಿಗುವ ವರ್ಷದ ಅನುಪಾತ ಹಿಡಿದು ಹಳೆಯ ಅಂಕಿಗಳನ್ನು ಹೊಂದಿಸಿದ ಮೇಲೆ −4.1 ಬಂತು, ಈ ಸಲ ನಿಜಕ್ಕೂ ಪಾಸ್.

ಜೊಹಾನ್ಸೆನ್ ವಿಧಾನದಲ್ಲೂ ನೋಡಿದೆ. ದೀರ್ಘಕಾಲದ ನಂಟುಗಳು ಎಷ್ಟಿವೆ ಅಂತ ಅದು ಎಣಿಸುತ್ತದೆ, ಆ ಎಣಿಕೆಗೆ ರ‍್ಯಾಂಕ್ ಅಂತ ಹೆಸರು. ಎಂಟು ಲ್ಯಾಗ್ ಹಾಕಿದಾಗ ರ‍್ಯಾಂಕ್ ಎರಡು ಅಂತ ತೋರಿಸಿತು. ಇರೋದೇ ಎರಡು ಸರಣಿ, ರ‍್ಯಾಂಕೂ ಎರಡು ಅಂದರೆ ಎರಡೂ ಮೊದಲೇ ಸ್ಥಿರ ಅಂತಾಯಿತು, ಯೂನಿಟ್ ರೂಟ್ ಪರೀಕ್ಷೆ ಹೇಳಿದ್ದಕ್ಕೆ ಪೂರಾ ಉಲ್ಟಾ. ಇರುವ ಅಂಕಿಗಳಿಗೆ ಎಂಟು ಲ್ಯಾಗ್ ಭಾರವಾಗಿತ್ತು. ಎರಡಕ್ಕೆ ಇಳಿಸಿದಾಗ ರ‍್ಯಾಂಕ್ ಒಂದು.

ಇಷ್ಟೆಲ್ಲ ಆದ ಮೇಲೆ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಎರರ್ ಕರೆಕ್ಷನ್ ಮಾಡೆಲ್, ಅಂದರೆ ದೀರ್ಘಕಾಲದ ನಂಟಿನಿಂದ ದೂರ ಸರಿದಾಗ ಆ ಅಂತರ ಎಷ್ಟು ಬೇಗ ಮುಚ್ಚುತ್ತದೆ ಅಂತ ಹೇಳುವ ಸಮೀಕರಣಗಳು. ಖರ್ಚಿನ ಸಮೀಕರಣದಲ್ಲಿ ಹಿಂದಿನ ಅಂತರದ ಗುಣಾಂಕ −0.18. ಪ್ರತಿ ಮೂರು ತಿಂಗಳಿಗೆ ಅಂತರದ ಶೇ 18 ಮುಚ್ಚುತ್ತದೆ, ಅರ್ಧ ಮುಚ್ಚಲು ಸುಮಾರು ಹತ್ತೂವರೆ ತಿಂಗಳು ಬೇಕು. ಆದಾಯದ ಸಮೀಕರಣದಲ್ಲಿ ಅದೇ ಗುಣಾಂಕ ಹೆಚ್ಚುಕಡಿಮೆ ಸೊನ್ನೆ. ಎರಡರ ನಡುವೆ ಅಂತರ ಬಿದ್ದಾಗ ಸರಿಹೋಗೋದು ಖರ್ಚು ಮಾತ್ರ, ಆದಾಯ ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ.