ಎರಡು ಸಫಾರಿ, ಒಂದು ಜೀಪು, ಆರು ಜೊತೆ ಕಿವಿ

ಶನಿವಾರ ಮಧ್ಯಾಹ್ನ ಒಂದು, ಭಾನುವಾರ ಬೆಳಿಗ್ಗೆ ಇನ್ನೊಂದು. ವಾರಾಂತ್ಯದಲ್ಲಿ ಬಂಡೀಪುರಕ್ಕೋ ನಾಗರಹೊಳೆಗೋ ಹೋಗುವವರಿಗೆ ದಕ್ಕುವುದು ಇಷ್ಟೇ. ಎರಡನ್ನೂ ಸೇರಿಸಿದರೆ ಐದು ಗಂಟೆ ಚಿಲ್ಲರೆ. ಇಷ್ಟು ಕಡಿಮೆ ಹೊತ್ತಿನಲ್ಲಿ ಕಾಡು ಸುತ್ತಿ ಪ್ರಾಣಿ ಹುಡುಕುವುದು ಆಗದ ಮಾತು. ಅದು ಎಲ್ಲಿದೆ ಎಂದು ಕಾಡೇ ಹೇಳುತ್ತಿರುತ್ತದೆ, ಅದನ್ನು ಕೇಳಿಸಿಕೊಳ್ಳಬೇಕು. ನಮ್ಮ ಆರು ಜನರ ಗುಂಪು ಹಾಕಿಕೊಂಡಿರುವ ಪದ್ಧತಿಗಳೆಲ್ಲ ಇದಕ್ಕೇ.

ಮೊದಲು ಹೊರಡುವ ಲೆಕ್ಕ. ಬೆಂಗಳೂರಿನಿಂದ ಬಂಡೀಪುರ ಸುಮಾರು 220 ಕಿಲೋಮೀಟರ್, ಮೈಸೂರಿನಿಂದ 80. ಬಂಡೀಪುರದ ಕಾಡಿನ ನಡುವೆ ಹಾಯುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನ ಬಿಡುವುದಿಲ್ಲ. ಶುಕ್ರವಾರ ಕೆಲಸ ಮುಗಿಸಿ ಹೊರಟವರು ಮೈಸೂರಿನಲ್ಲೋ ಗುಂಡ್ಲುಪೇಟೆಯಲ್ಲೋ ಮಲಗುವುದೇ ಸರಿ. ನಾಗರಹೊಳೆಯ ಕಬಿನಿ ಕಡೆ ಹೋಗುವವರಿಗೆ ಎಚ್.ಡಿ. ಕೋಟೆ ದಾರಿ. ಬುಕಿಂಗ್‌ನಲ್ಲಿರುವ ಹೆಸರು ಮತ್ತು ಗುರುತಿನ ಚೀಟಿಯ ಹೆಸರು ಒಂದೇ ಇರಲಿ, ಅಸಲಿ ಚೀಟಿ ಜೇಬಿನಲ್ಲಿರಲಿ. ಸಫಾರಿ ನಡೆಯುತ್ತಿದೆಯೇ ಎಂದು ಹೊರಡುವ ಹಿಂದಿನ ದಿನ ಒಮ್ಮೆ ಕೇಳಿಕೊಳ್ಳಿ. ಕಾಳ್ಗಿಚ್ಚು ಬಿದ್ದಾಗ, ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಯಾದಾಗ ಅರಣ್ಯ ಇಲಾಖೆ ಸಫಾರಿ ನಿಲ್ಲಿಸುತ್ತದೆ. 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಎರಡೂ ಕಡೆ ಹೀಗೆಯೇ ನಿಂತಿತ್ತು.

ಬಸ್ಸೋ ಜೀಪೋ ಎಂಬ ಪ್ರಶ್ನೆ ಪ್ರತಿ ಸಲ ಏಳುತ್ತದೆ. ಆರು ಜನರಿದ್ದರೆ ಜೀಪು. ಬಸ್ಸಿನಲ್ಲಿ ಇಪ್ಪತ್ತು ಜನ ಸೇರಿದಾಗ ಮಗು ಅಳುತ್ತದೆ, ಯಾರದ್ದೋ ಚಿಪ್ಸ್ ಪೊಟ್ಟಣ ಪರಪರ ಎನ್ನುತ್ತದೆ. ಯಾರನ್ನೂ ಬೈಯುವ ಹಾಗಿಲ್ಲ, ಅವರೂ ದುಡ್ಡು ಕೊಟ್ಟೇ ಬಂದಿದ್ದಾರೆ. ಜೀಪಾದರೆ ನಮ್ಮ ಬಾಯಿ ನಮ್ಮ ಕೈಯಲ್ಲಿರುತ್ತದೆ.

ಹತ್ತುವ ಮುಂಚೆ ಚಾಲಕರ ಹತ್ತಿರ ಒಂದು ಮಾತು ಆಡಬೇಕು. ಬಹಳ ಜನ "ಹುಲಿ ತೋರಿಸಿಬಿಡಿ" ಎನ್ನುತ್ತಾರೆ. ಅಲ್ಲಿಗೆ ಕೆಲಸ ಕೆಟ್ಟಂತೆ. ಪಾಪ, ಅವರು ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಗಾಡಿ ಓಡಿಸುತ್ತಲೇ ಇರುತ್ತಾರೆ. ನಾವು ಹೇಳುವುದು ಹೀಗೆ: "ಅಣ್ಣ, ಹುಲಿ ಬೇಕೇ ಬೇಕು ಅಂತೇನಿಲ್ಲ. ಎಲ್ಲಾದ್ರೂ ಕಾಲ್ ಕೇಳಿಸಿದ್ರೆ ಎಂಜಿನ್ ಆಫ್ ಮಾಡಿ, ಹತ್ತು ನಿಮಿಷ ನಿಲ್ಲೋಣ. ನಮಗೆ ಅವಸರ ಇಲ್ಲ." ಕಾಯಲು ಒಪ್ಪುವ ಗಿರಾಕಿ ಸಿಕ್ಕಾಗ ಚಾಲಕರ ಮುಖವೇ ಬೇರೆಯಾಗುತ್ತದೆ.

ಕಾಲ್ ಎಂದರೆ ಎಚ್ಚರಿಕೆಯ ಕೂಗು. ಎಲ್ಲ ಕೂಗಿಗೂ ಒಂದೇ ಬೆಲೆ ಇಲ್ಲ. ಚುಕ್ಕೆ ಜಿಂಕೆಯದು ಚಿಕ್ಕದಾಗಿ, ಚುರುಕಾಗಿ "ಕ್ಯಾಂ" ಎಂಬ ಕೂಗು. ಅದು ಅಂಜುಬುರುಕ, ಸೀಳುನಾಯಿ ಕಂಡರೂ ಕೂಗುತ್ತದೆ, ಸುಮ್ಮನೆ ಬೆಚ್ಚಿದರೂ ಕೂಗುತ್ತದೆ. ಒಂದೇ ಸಲ ಕೂಗಿ ಮತ್ತೆ ಮೇಯತೊಡಗಿದರೆ ಮುಂದೆ ಹೋಗಿ. ಮರಳಿ ಮರಳಿ ಕೂಗುತ್ತ, ಬಾಲ ಎತ್ತಿ, ಮುಂಗಾಲಿನಿಂದ ನೆಲ ಕುಟ್ಟುತ್ತಿದ್ದರೆ ನಿಲ್ಲಿ. ಮುಸುವ ಮರದ ಮೇಲಿರುವುದರಿಂದ ಅದಕ್ಕೆ ಕೆಳಗಿನದೆಲ್ಲ ಕಾಣುತ್ತದೆ. ಗಂಟಲಿನಿಂದ ಕೆಮ್ಮಿದಂತೆ "ಖಕ್ಕರ್" ಎನ್ನುತ್ತ ಕೆಳಗೆ ನೋಡುತ್ತಿದ್ದರೆ ಅದರ ಮಾತಿಗೆ ತೂಕವಿದೆ. ಎಲ್ಲಕ್ಕಿಂತ ಹೆಚ್ಚು ನಂಬುವುದು ಕಡವೆಯನ್ನು. "ಢಾಂಕ್" ಎಂದು ತಗಡು ಬಡಿದಂಥ ಒಂಟಿ ಕೂಗು, ನಡುವೆ ಬಿಡುವು, ಮತ್ತೆ ಅದೇ ಕೂಗು. ಕಡವೆ ಸುಮ್ಮಸುಮ್ಮನೆ ಕೂಗುವುದು ಕಡಿಮೆ. ಕಾಡುಕುರಿ ಎಂಬ ಪುಟ್ಟ ಜಿಂಕೆ ನಾಯಿಯಂತೆ ಬೊಗಳುತ್ತದೆ, ಶುರುಮಾಡಿದರೆ ನಿಲ್ಲಿಸುವುದಿಲ್ಲ. ಅದರ ಹಿಂದೆ ಬಿದ್ದರೆ ಹೊತ್ತು ಹಾಳು.

ಹೊಸಬರು ಎಡವುವ ಜಾಗವೊಂದಿದೆ. ಬೆದೆಯ ಕಾಲದಲ್ಲಿ ಗಂಡು ಜಿಂಕೆ ಎಳೆದು, ಒರಟಾಗಿ ಕೂಗುತ್ತದೆ. ಅದು ಹೆದರಿಕೆಯ ಕೂಗಲ್ಲ, ಜಂಬದ್ದು. ಸುತ್ತಲಿನ ಹೆಣ್ಣುಗಳು ನೆಮ್ಮದಿಯಾಗಿ ಮೇಯುತ್ತಿವೆಯೇ ನೋಡಿ, ಗೊತ್ತಾಗಿಬಿಡುತ್ತದೆ.

ಕೂಗು ಕೇಳಿದ ಮೇಲೆ ಹುಲಿಯನ್ನು ಹುಡುಕಬೇಡಿ, ಕೂಗಿದವರ ಮುಖ ನೋಡಿ. ಹಿಂಡಿನ ಕಿವಿಗಳೆಲ್ಲ ಒಂದೇ ಕಡೆ ತಿರುಗಿದ್ದರೆ ಹುಲಿಯೋ ಚಿರತೆಯೋ ಅತ್ತ ಇದೆ. ಮೊದಲು ಎಡಕ್ಕೆ ಜಿಂಕೆ, ಐದು ನಿಮಿಷದ ನಂತರ ಇನ್ನಷ್ಟು ಆಚೆ ಮುಸುವ, ಆಮೇಲೆ ಹಳ್ಳದ ಕಡೆಯಿಂದ ಕಡವೆ ಕೂಗಿದರೆ ಪ್ರಾಣಿ ನಡೆಯುತ್ತಿದೆ ಎಂದರ್ಥ. ಆ ಮೂರು ಬಿಂದು ಸೇರಿಸಿ ಗೆರೆ ಎಳೆದರೆ ಅದು ಯಾವ ರಸ್ತೆ ದಾಟಬಹುದೆಂದು ಚಾಲಕರಿಗೆ ಹೊಳೆಯುತ್ತದೆ. ಅಲ್ಲಿಗೆ ಮೊದಲೇ ಹೋಗಿ ಎಂಜಿನ್ ನಿಲ್ಲಿಸಿ ಕೂರಬೇಕು. ಕೂಗು ಒಮ್ಮೆಲೇ ನಿಂತರೆ ಬೇಸರಪಟ್ಟು ಹೊರಡುವವರೇ ಹೆಚ್ಚು. ಪ್ರಾಣಿ ಕಣ್ಮರೆಯಾಗಿ ಎಲ್ಲೋ ಮಲಗಿರಬಹುದು. ನಾವು ಇನ್ನೂ ಹತ್ತು ನಿಮಿಷ ಕೊಡುತ್ತೇವೆ.

ಮಣ್ಣಿನ ರಸ್ತೆಯ ಹೆಜ್ಜೆ ಗುರುತನ್ನು ಓದುವುದು ಇನ್ನೊಂದು ದಾರಿ. ಹುಲಿ, ಚಿರತೆಯ ಹೆಜ್ಜೆಯಲ್ಲಿ ಉಗುರು ಮೂಡುವುದಿಲ್ಲ, ಸೀಳುನಾಯಿಯದರಲ್ಲಿ ಮೂಡುತ್ತದೆ. ಗಂಡು ಹುಲಿಯದು ಹೆಚ್ಚುಕಡಿಮೆ ಚೌಕ, ಹೆಣ್ಣಿನದು ತುಸು ಉದ್ದ, ಬೆರಳುಗಳೂ ನೀಳ. ಇದಕ್ಕಿಂತ ಮುಖ್ಯ, ಹೆಜ್ಜೆ ಯಾವಾಗಿನದು ಎಂಬುದು. ಬೆಳಿಗ್ಗೆ ಜೀಪಿನಿಂದಲೇ ಬಗ್ಗಿ ನೋಡಿ. ಹೆಜ್ಜೆಯೊಳಗೆ ಇಬ್ಬನಿ ತೊಟ್ಟಿಕ್ಕಿದ ಸಣ್ಣ ಸಣ್ಣ ಗುಳಿಗಳಿದ್ದರೆ ರಾತ್ರಿಯೇ ನಡೆದುಹೋಗಿದೆ. ಅಂಚು ಚೂಪಾಗಿದ್ದು ಒಳಗೆ ನುಣುಪಾಗಿದ್ದರೆ ಹೊಸದು. ನಿಮಗಿಂತ ಮುಂಚೆ ಹೋದ ಜೀಪಿನ ಟಯರ್ ಗುರುತಿನ ಮೇಲೆ ಹೆಜ್ಜೆ ಬಿದ್ದಿದ್ದರಂತೂ ಎಂಜಿನ್ ಆಫ್, ಮಾತು ಬಂದ್. ಹೆಜ್ಜೆಯ ಮೇಲೆ ಟಯರ್ ಹೋಗಿದ್ದರೆ ನೀವು ತಡ.

ಶನಿವಾರ ಸಂಜೆ ಕಂಡಿದ್ದನ್ನು ಭಾನುವಾರಕ್ಕೆ ಉಳಿಸಿಕೊಳ್ಳಬೇಕು. ಒಂದೇ ಜಾಗದಲ್ಲಿ ಕಾಗೆಗಳ ಗಲಾಟೆ, ಮರದ ತುದಿಯಲ್ಲಿ ರಣಹದ್ದು ಕಂಡರೆ ಅಲ್ಲಿ ಬೇಟೆಯಾದ ಪ್ರಾಣಿ ಬಿದ್ದಿರುವ ಸಾಧ್ಯತೆ ಇದೆ. ದೊಡ್ಡ ಬೇಟೆಯಾಗಿದ್ದರೆ ಹುಲಿ ಎರಡು ಮೂರು ದಿನ ಅದರ ಸುತ್ತಮುತ್ತಲೇ ಇರುತ್ತದೆ. ಗಂಟೆ, ಜಾಗ ಬರೆದುಕೊಂಡು ಬೆಳಿಗ್ಗೆ ಮೊದಲು ಅತ್ತ ಹೋಗಲು ಕೇಳಿ.

ಈಗ ಆರು ಜನರ ಹಂಚಿಕೆ. ಇಬ್ಬರು ಎಡ, ಇಬ್ಬರು ಬಲ, ಒಬ್ಬರು ಮುಂದಿನ ರಸ್ತೆ, ಒಬ್ಬರು ಹಿಂದೆ. ಹಿಂದೆ ನೋಡುವ ಕೆಲಸ ಯಾರಿಗೂ ಬೇಡ, ಆದರೆ ಜೀಪು ದಾಟಿದ ಮೇಲೆ ಪೊದೆಯಿಂದ ಹೊರಬೀಳುವ ಪ್ರಾಣಿಗಳೇ ಬಹಳ. ಅದಕ್ಕೆ ಅರ್ಧ ಗಂಟೆಗೊಮ್ಮೆ ಪಾಳಿ ಬದಲು. ಕಂಡಾಗ "ಅಲ್ಲಿ ಅಲ್ಲಿ!" ಎಂದರೆ ಐವರೂ ಐದು ದಿಕ್ಕು ನೋಡುತ್ತಾರೆ. ನಾವು ರೂಢಿ ಮಾಡಿಕೊಂಡದ್ದು ಮೂರೇ ಪದ: ಕಡೆ, ಗುರುತು, ಎತ್ತರ. "ಎಡ, ಎರಡನೇ ತೇಗ, ಬುಡ." ಅಷ್ಟೇ, ಅದೂ ಪಿಸುಮಾತಿನಲ್ಲಿ. ಕೈ ಚಾಚಬಾರದು, ಎದ್ದು ನಿಲ್ಲಬಾರದು. ಬಟ್ಟೆಯ ಬಣ್ಣಕ್ಕೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಅಚ್ಚ ಬಿಳಿ ಬಿಟ್ಟರೆ ಸಾಕು. ಪ್ರಾಣಿಗಳು ಬೆದರುವುದು ಬಣ್ಣಕ್ಕಿಂತ ಅಲುಗಾಟಕ್ಕೆ, ಸದ್ದಿಗೆ.

ಚಿರತೆಗೆ ಕಣ್ಣನ್ನು ಬೇರೆ ರೀತಿ ಪಳಗಿಸಬೇಕು. ಚುಕ್ಕೆ ಹುಡುಕಿದರೆ ಸಿಗುವುದಿಲ್ಲ, ಎಲೆಯ ನೆರಳೂ ಚುಕ್ಕೆಯೇ. ಮತ್ತಿ ಮರದಂಥ ದೊಡ್ಡ ಮರದ ಅಡ್ಡ ಕೊಂಬೆಗಳನ್ನು ನೋಡುತ್ತ ಹೋಗಿ, ಕೆಳಗೆ ನೇತುಬಿದ್ದ ಬಾಲ ಹುಡುಕಿ. ಎಲೆ ಉದುರಿದ ಫೆಬ್ರವರಿ, ಮಾರ್ಚ್ ಇದಕ್ಕೆ ಒಳ್ಳೆಯ ಕಾಲ. ಏಪ್ರಿಲ್, ಮೇ ಹೊತ್ತಿಗೆ ಕಬಿನಿ ಹಿನ್ನೀರು ಇಳಿದು ದಡದಲ್ಲಿ ಹುಲ್ಲು ಚಿಗುರುತ್ತದೆ, ಆನೆಗಳ ಹಿಂಡು ಅಲ್ಲಿಗೆ ಬರುತ್ತದೆ. ಆನೆಯ ಮುಂದೆ ಮಾತ್ರ ಕಾಯುವ ಹಟ ಬೇಡ. ಕಿವಿ ಅಗಲಿಸಿ, ಬಾಲ ನೆಟ್ಟಗೆ ಮಾಡಿ, ಮಣ್ಣು ಎರಚಿದರೆ ಅದು ಎಚ್ಚರಿಕೆ. ಮರಿ ರಸ್ತೆಯ ಆಚೆ, ತಾಯಿ ಈಚೆ ಇದ್ದರೆ ನಡುವೆ ಗಾಡಿ ನುಗ್ಗಿಸಬಾರದು. ಕಣ್ಣಿನ ಹಿಂಭಾಗದಲ್ಲಿ ಮದ ಸುರಿಯುತ್ತಿರುವ ಗಂಡಾನೆ ಕಂಡರೆ ಚಾಲಕರು ಹಿಂದಕ್ಕೆ ತೆಗೆಯುತ್ತಾರೆ. ಆಗ "ಇನ್ನೊಂದು ಫೋಟೋ ಅಣ್ಣ" ಎನ್ನುವವರನ್ನು ಮುಂದಿನ ಸಲ ಕರೆದೊಯ್ಯಬೇಡಿ.

ದುರ್ಬೀನು 8×42 ಸಾಕು, ಅಂದರೆ 8 ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಗಾಜಿನದು. ಅಲುಗುವ ಜೀಪಿನಲ್ಲಿ 10 ಪಟ್ಟಿನದು ಕೈ ನಡುಕವನ್ನೂ ಹಿಗ್ಗಿಸಿ ತೋರಿಸುತ್ತದೆ. ಮುಸ್ಸಂಜೆಗೂ 8ರದೇ ಹೆಚ್ಚು ಬೆಳಕು ಕೊಡುತ್ತದೆ. ಆರು ಜನಕ್ಕೆ ಎರಡಾದರೂ ಇರಲಿ. ಕ್ಯಾಮೆರಾದವರು ಒಂದು ಗಟ್ಟಿ ಬಟ್ಟೆ ಚೀಲಕ್ಕೆ ಎರಡು ಕಿಲೋ ಅಕ್ಕಿ ತುಂಬಿ ಹೊಲಿದುಕೊಳ್ಳಿ. ಜೀಪಿನ ಕಂಬಿಯ ಮೇಲಿಟ್ಟು ಲೆನ್ಸ್ ಕೂರಿಸಿದರೆ ಟ್ರೈಪಾಡ್ ಬೇಡ. ಆದರೆ ಎಂಜಿನ್ ಓಡುತ್ತಿದ್ದರೆ ಕಂಬಿಯ ಅದುರು ಚೀಲದ ಮೂಲಕವೂ ಹತ್ತುತ್ತದೆ. ಬೆಳಗಿನ ಮೊದಲ ಗಂಟೆಯಲ್ಲಿ ಬೆಳಕಿಲ್ಲವೆಂದು ಶಟರ್ ವೇಗವನ್ನು 1/125ಕ್ಕೆ ಇಳಿಸಿ ಚಿತ್ರ ಕಲಸಿಕೊಳ್ಳುವವರೇ ಹೆಚ್ಚು. 1/500ಕ್ಕಿಂತ ಕೆಳಗೆ ಇಳಿಯಬೇಡಿ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿದರೂ ಏರಲಿ. ಚಿತ್ರ ಕಾಳುಕಾಳಾದರೆ ಆಮೇಲೆ ಸರಿಮಾಡಬಹುದು, ಅಲುಗಿದ್ದನ್ನು ಮಾಡಲಾಗದು. ಲಂಟಾನ ಪೊದೆಯ ಹಿಂದಿರುವ ಪ್ರಾಣಿಗೆ ಒಂದೇ ಫೋಕಸ್ ಬಿಂದು ಇಟ್ಟುಕೊಳ್ಳಿ, ಇಲ್ಲವಾದರೆ ಕ್ಯಾಮೆರಾ ಮುಂದಿನ ಕಡ್ಡಿಯನ್ನೇ ಹಿಡಿಯುತ್ತದೆ. ಕಾಡುಕೋಣದ ಕಪ್ಪು ಮೈಗೆ ಎಕ್ಸ್‌ಪೋಷರ್ ಮೂರನೇ ಎರಡು ಸ್ಟಾಪ್ ಇಳಿಸಿ. ಫ್ಲ್ಯಾಶ್, ಬೀಪ್ ಸದ್ದು, ಫೋಕಸ್ ಹಿಡಿಯಲು ಹೊತ್ತುವ ಚಿಕ್ಕ ದೀಪ, ಮೂರನ್ನೂ ಕೋಣೆಯಲ್ಲೇ ಆಫ್ ಮಾಡಿ. ದೀಪದ್ದು ಎಲ್ಲರಿಗೂ ಮರೆಯುತ್ತದೆ. ಮೊಬೈಲನ್ನು ನೆಚ್ಚಿಕೊಂಡು ಹೋಗಬೇಡಿ, ಅದನ್ನು ಒಳಗೆ ಬಿಡದ ಕಡೆಯೂ ಉಂಟು.

ಬೆಳಿಗ್ಗೆ ಕಾಫಿ ಅರ್ಧ ಲೋಟ ಸಾಕು. ಗೇಟು ದಾಟಿದ ಮೇಲೆ ಇಳಿಯುವಂತಿಲ್ಲ. ಡಿಸೆಂಬರ್‌ನಲ್ಲಿ ತೆರೆದ ಜೀಪಿಗೆ ಜರ್ಕಿನ್, ಮಂಕಿ ಟೋಪಿ ಬೇಕೇ ಬೇಕು. ಧೂಳಿಗೆ ಕರ್ಚೀಫು. ಕೊನೆಯ ಇಪ್ಪತ್ತು ನಿಮಿಷ ಗೇಟಿನ ಸಮಯಕ್ಕೆ ಬಿಟ್ಟುಬಿಡಿ. ತಡವಾದರೆ ದಂಡ ಬೀಳುವುದು ಚಾಲಕರಿಗೆ.

ವಾಪಸು ಬರುವಾಗ ಹೆದ್ದಾರಿಯ ಬದಿಯಲ್ಲಿ ಜಿಂಕೆ ಕಂಡಿತೆಂದು ಕಾರು ನಿಲ್ಲಿಸಿ ಇಳಿಯುವುದು ತಪ್ಪು, ದಂಡವೂ ಉಂಟು. ಚಿತ್ರ ಹಾಕುವಾಗ ಜಾಗದ ಗುರುತು ತೆಗೆದುಹಾಕಿ. ಲೆನ್ಸನ್ನು ನೇರವಾಗಿ ಒರೆಸಬೇಡಿ. ಮೊದಲು ಬ್ಲೋವರ್‌ನಿಂದ ಊದಿ, ಬ್ರಷ್ ಆಡಿಸಿ, ಆಮೇಲೆ ಬಟ್ಟೆ. ಸಫಾರಿ ರಸ್ತೆಯ ಧೂಳಿನಲ್ಲಿ ಮರಳಿನ ಕಣವಿರುತ್ತದೆ, ನೇರ ಬಟ್ಟೆ ಹಾಕಿದರೆ ಗಾಜಿನ ಮೇಲೆ ಗೀರು ಬೀಳುತ್ತದೆ.