ನಾನು ಕೆಂಪು ಕಟ್ಟು ಹೊಂದಿಸಿದ ಬಗೆ

ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿ, 1993ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಟವನ್ನು ನಾನು ಕಲಿತದ್ದು ತೀರ ತಡವಾಗಿ, ಬೆಂಗಳೂರಿನಲ್ಲಿ, ಗೆಳೆಯರೊಬ್ಬರ ಮನೆಯ ಊಟದ ಮೇಜಿನ ಮೇಲೆ. ರಮ್ಮಿ ಆಡಿ ಬೆಳೆದ ನನಗೆ, ಇಲ್ಲಿ ಎಲ್ಲರೂ ಒಂದೇ ಕಟ್ಟಿನಿಂದ ಎಲೆ ಎತ್ತುವುದಿಲ್ಲ, ಪ್ರತಿಯೊಬ್ಬರೂ ತಮ್ಮ ಕಟ್ಟನ್ನು ತಾವೇ ಹೊಂದಿಸಿಕೊಂಡು ಬರಬೇಕು ಎಂಬುದೇ ಮೊದಲ ಬೆರಗು. ಕಟ್ಟಿನಲ್ಲಿ ಕನಿಷ್ಠ 60 ಕಾರ್ಡುಗಳಿರಬೇಕು. ಆಡಲು ಬೇಕಾದ ಶಕ್ತಿ ಕೊಡುವ ‘ಮೂಲ ಭೂಮಿ’ ಎಂಬ ಕಾರ್ಡುಗಳನ್ನು ಬಿಟ್ಟರೆ ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚಿರಬಾರದು.

ಹಳೆಯ ಅಪರೂಪದ ಕಾರ್ಡುಗಳ ಬೆಲೆ ನನ್ನ ಕೈಗೆಟುಕುವಂತಿರಲಿಲ್ಲ. ಆದ್ದರಿಂದ, ಒಮ್ಮೆಯಾದರೂ ‘ಸಾಮಾನ್ಯ’ ದರ್ಜೆಯಲ್ಲಿ ಅಚ್ಚಾದ ಕಾರ್ಡುಗಳನ್ನಷ್ಟೇ ಬಳಸುವ ‘ಪಾಪರ್’ ಪ್ರಕಾರವನ್ನು ಆರಿಸಿಕೊಂಡೆ. ದಿವಾಳಿಯಾದವರನ್ನು ಪಾಪರ್ ಆದರು ಎನ್ನುವ ನಮಗೆ ಈ ಹೆಸರಿನ ಅರ್ಥ ಹೇಳಿಕೊಡಬೇಕಾಗಿಲ್ಲ.

ಐದು ಬಣ್ಣಗಳಲ್ಲಿ ನಾನು ಕೆಂಪನ್ನು ಹಿಡಿದೆ. ಉಳಿದ ಹೆಚ್ಚಿನ ಕಾರ್ಡುಗಳನ್ನು ಆಡಲು ಭೂಮಿಯಿಂದ ಮಾನಾ ಎಂಬ ಶಕ್ತಿ ಪಡೆಯಬೇಕಾದ್ದರಿಂದ, ಗೆಳೆಯರ ಸಲಹೆಯಂತೆ 24 ಭೂಮಿಗಳನ್ನು ಇಟ್ಟೆ. ಮೊದಲ ಏಳು ಕಾರ್ಡುಗಳಲ್ಲಿ ಸರಾಸರಿ 2.8 ಭೂಮಿ ಬರುವ ಲೆಕ್ಕ ಅದು. ಆದರೆ ನನ್ನ ಕಾರ್ಡುಗಳಲ್ಲಿ ಹೆಚ್ಚಿನವು ಒಂದೆರಡು ಮಾನಾಕ್ಕೆ ಆಡುವಂಥವು. ಐದಾರು ಸರದಿ ಕಳೆಯುವಷ್ಟರಲ್ಲಿ ಕೈತುಂಬ ಭೂಮಿಗಳೇ ಉಳಿದು, ಆಡಲು ಏನೂ ಇರುತ್ತಿರಲಿಲ್ಲ. ಪ್ರತಿ ಆಟದ ಕೊನೆಗೆ ಕೈಯಲ್ಲಿ ಉಳಿದದ್ದನ್ನು ನೋಟುಪುಸ್ತಕದಲ್ಲಿ ಬರೆದಿಟ್ಟು, ಒಂದೊಂದಾಗಿ ತೆಗೆಯುತ್ತ ಬಂದು 18ಕ್ಕೆ ನಿಂತೆ. ಭೂಮಿಯೇ ಬಾರದೆ ಸೋಲುವ ಆಟಗಳು ಈಗಲೂ ಇವೆ. ಅದನ್ನು ಆಟದ ದೋಷವೆನ್ನುವವರಿದ್ದಾರೆ, ನನಗೆ ಹಾಗೆನಿಸಿಲ್ಲ. ಹೊಸಬರೂ ನಿಪುಣರನ್ನು ಒಮ್ಮೊಮ್ಮೆ ಸೋಲಿಸಲು ಸಾಧ್ಯವಾಗುವುದು ಈ ಅದೃಷ್ಟದಿಂದಲೇ, ಮತ್ತೆ ಮತ್ತೆ ಗೆಲ್ಲಲು ಮಾತ್ರ ಅದು ಸಾಲದು.

ಆ ಮಾತು ನನಗೆ ಮನದಟ್ಟಾದದ್ದು ಒಂದು ಸಂಜೆಯ ಆಟದಲ್ಲಿ. ಇಪ್ಪತ್ತರಿಂದ ಆರಂಭವಾಗಿದ್ದ ಗೆಳೆಯರ ಜೀವಾಂಕ ಮೂರಕ್ಕೆ ಇಳಿದಿತ್ತು. ನನ್ನ ಕೈಯಲ್ಲಿ ಒಂದು ಮಾನಾಕ್ಕೆ ಮೂರು ಪೆಟ್ಟು ಕೊಡುವ ‘ಲೈಟ್ನಿಂಗ್ ಬೋಲ್ಟ್’ ಇತ್ತು. ಆದರೆ ಅವರದು ನೀಲಿ ಕಟ್ಟು. ನೀಲಿ ಮಾನಾ ಕೊಡುವ ಭೂಮಿಗಳಾದ ನಾಲ್ಕು ದ್ವೀಪಗಳಲ್ಲಿ ಎರಡನ್ನಾದರೂ ಮಾನಾಕ್ಕಾಗಿ ಅಡ್ಡ ತಿರುಗಿಸದೆ ನೆಟ್ಟಗೆ ಉಳಿಸಿಕೊಳ್ಳುತ್ತಿದ್ದರು. ಎರಡು ನೀಲಿ ಮಾನಾ ಇದ್ದರೆ ‘ಕೌಂಟರ್‌ಸ್ಪೆಲ್’ ಹಾಕಿ ನನ್ನ ಬೋಲ್ಟನ್ನು ರದ್ದು ಮಾಡಬಲ್ಲರು. ಅವರ ಹಾರುವ ಜೀವಿಯ ಹೊಡೆತ ತಿನ್ನುತ್ತಲೇ ಮೂರು ಸರದಿ ಸುಮ್ಮನೆ ಕಾದೆ. ನಾಲ್ಕನೆಯದರಲ್ಲಿ ದೊಡ್ಡ ಜೀವಿಯೊಂದನ್ನು ಕರೆತರಲು ಅವರು ಮೂರು ದ್ವೀಪಗಳನ್ನು ಅಡ್ಡ ತಿರುಗಿಸಿದರು. ಎದುರಾಳಿಯ ಸರದಿಯಲ್ಲೂ ಬೋಲ್ಟ್ ಆಡಬಹುದಾದ್ದರಿಂದ ಆ ಕ್ಷಣವೇ ಕಾರ್ಡನ್ನು ಮೇಜಿನ ಮೇಲಿಟ್ಟೆ. ಅವರು ತಮ್ಮ ಕೈಯಲ್ಲಿದ್ದ ಕೌಂಟರ್‌ಸ್ಪೆಲ್ ತೋರಿಸಿ ನಕ್ಕರು.

ಅಂದೇ ಅವರು 1994ರ ಆವೃತ್ತಿಯ, ಬಿಳಿ ಅಂಚಿನ ಎರಡು ಬೋಲ್ಟ್‌ಗಳನ್ನು ನನಗೆ ಕೊಟ್ಟರು. ಮೂಲೆಗಳು ಸವೆದಿವೆ, ಬಣ್ಣ ಮಾಸಿದೆ. ನನ್ನಲ್ಲಿದ್ದ ಇನ್ನೆರಡು 2009ರಲ್ಲಿ ಅಚ್ಚಾದವು. ಈ ಆಟದ ಕಾರ್ಡುಗಳ ಹಿಂಬದಿಯ ಚಿತ್ರ ಇಂದಿಗೂ ಬದಲಾಗಿಲ್ಲ. ಪ್ಲಾಸ್ಟಿಕ್ ಕವಚಕ್ಕೆ ಹಾಕಿ ಕಲಸಿ ಕವುಚಿಟ್ಟರೆ ಯಾವುದು ಯಾವ ಕಾಲದ್ದೆಂದು ನನಗೂ ತಿಳಿಯದು. ಆ ನಾಲ್ಕನ್ನೂ ಸೇರಿಸಿ, ಈಗ 17 ಭೂಮಿಗಳಿಟ್ಟು ಆಡಿ ನೋಡುತ್ತಿದ್ದೇನೆ.